ನೆಬೀಸಕ್ಕನ ಸೇಮಿಗೆ ಮಣೆ

ಶಾವಿಗೆ ಒತ್ತುವ ಮೂರು ಕಾಲಿನ ಸೇಮಿಗೆ ಮಣೆ ಅಟ್ಟದ ಮೂಲೆಯಲ್ಲಿ, ಹಳೆಯ ಗೋಣಿಯ ಅಡಿ ಇತ್ತು. ಗಂಡ ಲತೀಶನ ಉತ್ತರಕ್ರಿಯೆಯ ಬೊಜ್ಜ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ, ದೊಡ್ಡ ಪಾತ್ರೆಗಳನ್ನು ಮೇಲಿಡಲು ಹತ್ತಿದ ಹೇಮಶ್ರೀಗೆ ಅದು ಕಂಡಿತು. ಪಕ್ಕದ ಮನೆಯ ನೆಬೀಸಕ್ಕನದು. "ನಿನಗೆ ನಾನೇ ಸೇಮಿಗೆ ಒತ್ತಿ ಬಡಿಸ್ತೇನೆ" ಎಂದು ಹೋದ ವರ್ಷ ಗಂಡ ತಂದಿದ್ದ. ಒಂದು ಎಳೆಯೂ ಒತ್ತಿರಲಿಲ್ಲ. ಕೇಳಿದರೆ, "ಅದು ಯಾವಾಗಲೋ ಕೊಟ್ಟಾಯ್ತು ಮಾರಾಯ್ತಿ" ಎಂದಿದ್ದ.

ಲತೀಶ್ ಸವಣೂರಿನ ಟೈಲ್ಸ್ ಅಂಗಡಿಯಲ್ಲಿ ಸೇಲ್ಸ್‌ನವನಾಗಿದ್ದ. ಹೇಮಶ್ರೀ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವಳು. ‘ಗ್ಲಿಬ್’ ಎಂಬ ಪದ ಬಂದಾಗಲೆಲ್ಲ ಅವಳು ಉದಾಹರಣೆಗೆ ತಡಕಾಡಬೇಕಾಗಿರಲಿಲ್ಲ. ಮಾತು ಸಲೀಸಾಗಿ ಬರುತ್ತದೆ, ಅಡಿಯಲ್ಲಿ ಏನೂ ಇರುವುದಿಲ್ಲ, ಹೊಗಳುವಾಗ ಇದನ್ನು ಬಳಸಬೇಡಿ ಎನ್ನುತ್ತಿದ್ದಳು ಮಕ್ಕಳಿಗೆ. ಒಮ್ಮೆ ಗಂಡನಿಗೂ ಅದನ್ನೇ ಅಂದಿದ್ದಳು.

"ಅದಕ್ಕೆ ಕನ್ನಡದಲ್ಲಿ ಎಂತ ಹೇಳುದು?"

"ನಾಲಿಗೆಗೆ ಎಣ್ಣೆ ಹಚ್ಚಿಕೊಂಡವ."

"ತೆಂಗಿನೆಣ್ಣೆ ಅಲ್ವಾ? ಒಳ್ಳೆ ಕ್ರಯ ಉಂಟು ಈಗ!"

ಹೇಮಶ್ರೀ ಮಣೆಯನ್ನು ತೊಳೆದು ಒರೆಸಿದಳು. ಸತ್ತವನು ಆ ಮನೆಯಲ್ಲಿ ಸುಳ್ಳುಗಾರನಾಗಿ ಉಳಿಯಬಾರದು. ಹೇಳಬೇಕಾದ ಕ್ಷಮೆಯ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಅಂಗಳ ದಾಟಿದಳು.

ಹಿತ್ತಿಲ ಬಾಗಿಲಲ್ಲಿ ಬಂಗುಡೆ ಕೊಯ್ಯುತ್ತಿದ್ದ ನೆಬೀಸ ಮಣೆ ಕಂಡವಳೇ ಕಿಸಕ್ಕನೆ ನಕ್ಕು, ತಕ್ಷಣ ಮೊಣಕೈಯಿಂದ ಬಾಯಿ ಮುಚ್ಚಿಕೊಂಡಳು.

"ತಪ್ಪು ತಿಳ್ಕೊಳ್ಬೇಡಿ ಟೀಚರೇ. ಅಂತೂ ಬಂತಾ ಇದು!"

"ನನಗೆ ಗೊತ್ತಿರಲಿಲ್ಲ ನೆಬೀಸಕ್ಕ. ಅವರು ನಿಮಗೆ..."

"ಎಂತೆಲ್ಲ ಹೇಳಿದ್ದಾರೆ ಗೊತ್ತುಂಟಾ? ಒಮ್ಮೆ ಕೇಳಿದ್ದಕ್ಕೆ, ಮಣೆಗೆ ಶೀತ ಆಗಿದೆ, ಬಿಸಿಲಿಗಿಟ್ಟಿದ್ದೇನೆ ಅಂದ್ರು. ಮತ್ತೊಮ್ಮೆ, ನಿಮ್ಮ ಮಣೆಗೂ ನಮ್ಮ ಕಡೆಯುವ ಕಲ್ಲಿಗೂ ಲವ್ವು, ಬಿಡಿಸಿದ್ರೆ ಪಾಪ ಬರ್ತದೆ ಅಂತ!" ನೆಬೀಸ ಕಣ್ಣನ್ನು ಭುಜಕ್ಕೆ ಒರೆಸಿಕೊಂಡಳು. "ನನ್ನ ಹತ್ರ ಬೇರೆ ಮಣೆ ಉಂಟು ಟೀಚರೇ. ಲತೀಶಣ್ಣ ಇವತ್ತು ಎಂತ ಹೇಳ್ತಾರೆ ಅಂತ ಕೇಳ್ಲಿಕ್ಕೇ ನಾನು ಬೇಲಿ ಹತ್ರ ಬರ್ತಿದ್ದದ್ದು. ನಮ್ಮ ಮನೆಯವರು ದುಬೈಯಿಂದ ಫೋನ್ ಮಾಡಿದ್ರೆ ‘ಹ್ಞೂಂ’, ‘ಆಯ್ತು’. ಅಷ್ಟೇ, ಮುಗೀತು."

ನೆಬೀಸ ಇನ್ನೊಂದು ಬಂಗುಡೆ ಎತ್ತಿಕೊಂಡಳು, ಕೊಯ್ಯದೆ ಕತ್ತಿಯನ್ನು ಮಣೆಯ ಕಡೆ ತೋರಿಸಿದಳು.

"ಈಗ ನೀವು ಹೇಳಿ," ಎಂದಳು ನೆಬೀಸ, ಗದರುವವಳ ಹಾಗೆ. "ಇಷ್ಟು ತಡ ಯಾಕಾಯ್ತು?"

ಹೇಮಶ್ರೀ ಬಾಯಿ ತೆರೆದಳು. ಜೋಡಿಸಿಟ್ಟ ಮಾತು ಒಂದೂ ಬರಲಿಲ್ಲ. ಹೌದು, ಇಲ್ಲ ಎಂಬುದರ ಹೊರತು ಅವಳು ಯಾರೊಡನೆಯೂ ಏನೂ ಆಡದೆ ಎಷ್ಟೋ ದಿನವಾಗಿತ್ತು.

"ಮಣೆ ಆವಾಗಲೇ ಹೊರಟಿತ್ತು ನೆಬೀಸಕ್ಕ. ಮೂರೇ ಕಾಲು ಅಲ್ವಾ, ಕುಂಟಿಕೊಂಡು ಬರುವಾಗ ತಡ ಆಯ್ತು."

ನೆಬೀಸ ಕತ್ತಿ ಬಿಟ್ಟು ಗೋಡೆಗೆ ಒರಗಿ ನಕ್ಕಳು. ಹೇಮಶ್ರೀಯೂ ನಕ್ಕಳು, ಮಣೆಯನ್ನು ಹೊಟ್ಟೆಗೆ ಅವಚಿಕೊಂಡು. ಬೆಕ್ಕು ಒಂದು ಬಂಗುಡೆ ಕಚ್ಚಿಕೊಂಡು ಓಡಿತು, ಯಾರೂ ಅಟ್ಟಲಿಲ್ಲ.

ನೆಬೀಸಳ ಕೈಯೆಲ್ಲ ಮೀನು. ಹೇಮಶ್ರೀ ತಾನೇ ಒಳಗೆ ಹೋಗಿ, ಅಡುಗೆಮನೆಯ ನೆಲದ ಮೇಲೆ ಮಣೆಯನ್ನು ಇಟ್ಟು, ಓರೆಯಾಗದೆ ನಿಲ್ಲುವ ಜಾಗ ಸಿಗುವವರೆಗೆ ಆಚೀಚೆ ಸರಿಸಿದಳು.