ಐದನೆಯ ಪಂಜರ

ಜಲಜಾಕ್ಷಿ ಕಣ್ಣೊರೆಸಿಕೊಂಡು ಮತ್ತೆ ಸೂಕ್ಷ್ಮದರ್ಶಕದೊಳಗೆ ಇಣುಕಿದಳು. ಪಟ್ಟಿ ಇರಲಿಲ್ಲ.

ಹೆಣ್ಣಿಲಿಯ ಮೂತ್ರಪಿಂಡದ ನೆತ್ತಿಯ ಮೇಲೆ ಸಾಸಿವೆ ಕಾಳಿನಷ್ಟು ಅಡ್ರಿನಲ್ ಗ್ರಂಥಿ. ಅದರ ಒಳಗಡೆ ಒಂದು ಪಟ್ಟಿ. ಇಲಿ ಮೊದಲ ಸಲ ಬಸುರಾದರೆ ಹಾರ್ಮೋನಿನ ಹೊಡೆತಕ್ಕೆ ಅದು ಕರಗಿಹೋಗುತ್ತದೆ. ಮರಿ ಉಳಿಯಲಿ, ಬಿಡಲಿ, ಪಟ್ಟಿ ಮರಳುವುದಿಲ್ಲ. ಐದನೆಯ ಪಂಜರದ ಕಪ್ಪು ತಳಿಯ ಇಲಿಗಳೋ ಗಂಡಿನ ಮುಖವನ್ನೇ ಕಾಣದವು. ಅವುಗಳಲ್ಲೂ ಪಟ್ಟಿ ಮಾಯ! ಗೈಡ್ ಪುರುಷೋತ್ತಮ ರಾಯರು ಕುಣಿಯುವುದೊಂದು ಬಾಕಿ. ಇದು ಬಸುರಿನ ಕೆಲಸವಲ್ಲ, ವಂಶಗುಣ ಎಂದು ಪ್ರಬಂಧ ಬರೆದು ದಿಲ್ಲಿಯ ಸಮ್ಮೇಳನಕ್ಕೆ ಕಳಿಸಿಯೂ ಆಗಿತ್ತು. ಜಲಜಾಕ್ಷಿಯ ಪಿಎಚ್.ಡಿ. ನಿಂತದ್ದೇ ಅದರ ಮೇಲೆ.

ಪಂಜರದಲ್ಲಿ ಉಳಿದಿದ್ದ ಕೊನೆಯ ಇಲಿಯನ್ನು ಕೊಯ್ಯಲೆಂದು ಅವಳು ಬಾಲ ಹಿಡಿದೆತ್ತಿದಳು. ತಿರುಗಿಸಿ ನೋಡಿದರೆ ಗಂಡು.

ಅವಳು ಅದನ್ನು ಮರಳಿ ಪಂಜರಕ್ಕೆ ಬಿಟ್ಟಳು. ಎಪ್ಪತ್ತೊಂದರ ಆ ಮಳೆಗಾಲದಲ್ಲಿ ಅವಳ ವಿಶ್ವವಿದ್ಯಾಲಯವಿದ್ದ ಜಾದವ್‌ಪುರ ನಕ್ಸಲರ ಬಾಂಬಿನ ಸದ್ದಿಗೇ ಏಳುತ್ತಿತ್ತು. ವಾರಗಟ್ಟಲೆ ಪ್ರಯೋಗಾಲಯಕ್ಕೆ ಬೀಗ. ಕಾವಲುಗಾರ ಕಾಳು ಎಸೆದು ಹೋಗುತ್ತಿದ್ದ, ಅಷ್ಟೆ. ಬೀಗ ತೆಗೆದ ದಿನ ಈ ಪಂಜರಕ್ಕೆ ಹಾಸಿದ ಹೊಟ್ಟಿನಲ್ಲಿ ರಕ್ತ, ಒಂದು ಎಳೇ ಬಾಲ ಸಿಕ್ಕಿತ್ತು. ಕಚ್ಚಾಡಿರಬೇಕು ಎಂದುಕೊಂಡು ಗುಡಿಸಿಬಿಟ್ಟಿದ್ದಳು. ಹೆದರಿದ ತಾಯಿಲಿ ತನ್ನ ಮರಿಯನ್ನೇ ತಿನ್ನುತ್ತದೆಂದು ಗೊತ್ತಿದ್ದವಳು!

ಅದಕ್ಕೂ ಮೊದಲು, ಈ ಇಲಿಗಳು ಮರಿಗಳಾಗಿದ್ದಾಗ, ಹೆಣ್ಣು ಗಂಡು ಬೇರೆ ಮಾಡಿದವಳೂ ತಾನೇ. ಮರಿಗಳ ಬಾಲದ ಬುಡದಲ್ಲಿ ಎರಡು ರಂಧ್ರಗಳ ನಡುವೆ ಅಂತರ ಕಡಿಮೆಯಿದ್ದರೆ ಹೆಣ್ಣು, ಹೆಚ್ಚಿದ್ದರೆ ಗಂಡು. ಕಣ್ಣು ಮುಚ್ಚಿ ಮಾಡುತ್ತಿದ್ದ ಕೆಲಸ. ಆದರೆ ಅದೇ ವಾರ ಅವಳ ನಾಲ್ಕು ತಿಂಗಳ ಬಸುರು ಇಳಿದುಹೋಗಿತ್ತು. ಬ್ಯಾಂಕಿಗೆ ಹೊರಟಿದ್ದ ಗಂಡ ದೇವದಾಸ ಚಪ್ಪಲಿ ಮೆಟ್ಟುತ್ತಾ, "ಆಗ್ಲೇ ಇಲ್ಲ ಅಂತ ಎಣಿಸು ಮಾರಾಯ್ತಿ" ಎಂದಿದ್ದ. ಎಣಿಸಿಕೊಂಡೇ ಅವಳು ಕೆಲಸಕ್ಕೆ ಬಂದಿದ್ದಳು. ಮರಿಗಳನ್ನು ನೋಡುವಾಗ ಕಣ್ಣಲ್ಲಿ ನೀರು ತುಂಬಿತ್ತು.

ಪಂಜರವನ್ನೇ ಒಯ್ದು ರಾಯರ ಮೇಜಿನ ಮೇಲಿಟ್ಟಳು. "ತಪ್ಪು ನನ್ನದು ಸರ್. ಒಳಗೊಂದು ಗಂಡಿತ್ತು. ಹೆಣ್ಣುಗಳಿಗೆಲ್ಲ ಮರಿ ಆಗಿದೆ. ತಿಂದುಬಿಟ್ಟಿವೆ."

ರಾಯರು ಎದ್ದು ಬಾಗಿಲು ಮುಂದೆ ಮಾಡಿದರು. ಕೆಟ್ಟವರೇನಲ್ಲ, ಹೆದರಿದ್ದರು. "ಮರಿಗಳನ್ನ ಯಾರಾದ್ರೂ ನೋಡಿದಾರೇನಮ್ಮ? ಇದೊಂದನ್ನ ಈಥರ್ ಜಾಡಿಗೆ ಹಾಕು, ಮುಗೀತು. ಆಗ್ಲೇ ಇಲ್ಲ ಅಂದ್ಕೋ."

ಜಲಜಾಕ್ಷಿಗೆ ಹೊಟ್ಟೆಯೊಳಗಿಂದ ಸಿಟ್ಟು ಎದ್ದುಬಂತು. ಇಷ್ಟು ದಿನ ಎಲ್ಲಿ ಅಡಗಿತ್ತೋ.

"ಆಗಿದೆ ಸರ್. ಪ್ರಬಂಧ ವಾಪಸ್ ತೆಗೀರಿ. ಇಲ್ಲದಿದ್ರೆ ನಾನೇ ದಿಲ್ಲಿಗೆ ಹೋಗಿ ಎದ್ದು ನಿಂತು ಹೇಳ್ತೇನೆ."

"ನಿನ್ನ ಪಿಎಚ್.ಡಿ. ಹೋಗತ್ತೆ. ನಾನು ಮತ್ತೆ ಕೈ ಹಿಡಿಯೋಲ್ಲ."

"ಹೋಗ್ಲಿ."

ಹೋಯಿತು ಕೂಡ. ರಾಯರು ಪ್ರಬಂಧ ಹಿಂತೆಗೆದರು. ಅವಳನ್ನು ಮತ್ತೆ ಒಳಗೆ ಬಿಟ್ಟುಕೊಳ್ಳಲಿಲ್ಲ.

ಆ ಸಂಜೆ ಅವಳ ಮುಖ ಕಂಡು ದೇವದಾಸ, "ಎಂತ ಆಯ್ತು?" ಎಂದು ಕೇಳಿದ. ಪಿಎಚ್.ಡಿ.ಯ ಸುದ್ದಿ ಹೇಳಲೆಂದೇ ಅವಳು ಬಾಯಿ ತೆರೆದಳು.

"ನಮ್ಗೊಂದು ಮಗು ಇತ್ತು" ಎಂದಳು.