ಮುಂಡಪ್ಪ ಕಿತ್ತ ವಯರ್

ತಂಗಿಯ ಮಗ ಸಂದೇಶ ಥಾಣೆಯಾಚೆಯ ಕಲ್ಯಾಣದಲ್ಲಿ ಹೊಸ ಫ್ಲಾಟ್ ಕೊಂಡಿದ್ದ. ಗೃಹಪ್ರವೇಶಕ್ಕೆ ಮನೆಮಂದಿಯೆಲ್ಲ ಬರುತ್ತೇವೆಂದು ಮುಂಡಪ್ಪ ಯಾರನ್ನೂ ಕೇಳದೆ ಮಾತು ಕೊಟ್ಟುಬಿಟ್ಟಿದ್ದ. ಹೋದ ಸಲ ನೆಂಟರ ನಾಮಕರಣವೊಂದಕ್ಕೆ ಸೊಸೆ ಮಾನಸಿ ಬಾರದಿದ್ದಾಗ ತಂಗಿ ಎಲ್ಲರೆದುರು, "ಅಣ್ಣಾ, ನಿನ್ನ ಸೊಸೆಗೆ ಮದುವೆಯಾದದ್ದು ಲತೀಶನ ಜೊತೆಗಾ, ಕಂಪ್ಯೂಟರಿನ ಜೊತೆಗಾ?" ಎಂದು ಕೇಳಿದ್ದಳು. ಜನ ನಕ್ಕಿದ್ದರು. ಥಾಣೆ–ಬೇಲಾಪುರ ರಸ್ತೆಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಆಯುಷ್ಯವಿಡೀ ದರ್ಬಾರು ನಡೆಸಿ ನಿವೃತ್ತನಾದವನಿಗೆ ಆ ನಗು ಮುಳ್ಳಿನಂತೆ ಒಳಗೇ ಉಳಿದಿತ್ತು.

ಮಾನಸಿ ಘಣಸೋಲಿಯ ಮನೆಯ ಹಾಲಿನ ಮೂಲೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮದುವೆ ಆಲ್ಬಮ್‌ಗಳನ್ನು ಡಿಸೈನ್ ಮಾಡುತ್ತಿದ್ದಳು. ಈ ಸಲವೂ ಅವಳು ಮೊದಲೇ ಹೇಳಿದ್ದಳು: "ಮಾವ, ಮಧ್ಯಾಹ್ನದೊಳಗೆ ಒಂದು ಆಲ್ಬಮ್ ಪ್ರೆಸ್ಸಿಗೆ ಹೋಗ್ಲೇಬೇಕು. ನೀವು, ಅತ್ತೆ ಬೆಳಿಗ್ಗೆ ಹೋಗಿ. ನಾನು ಸಂಜೆ ಬಂದ್ಬಿಡ್ತೀನಿ."

ಯಂತ್ರವೇ ಶುರುವಾಗದಿದ್ದರೆ ಇವಳು ಬರದೆ ಎಲ್ಲಿ ಹೋಗುತ್ತಾಳೆ ಎಂಬ ಯೋಚನೆ ಮುಂಡಪ್ಪನ ತಲೆಯಲ್ಲಿ ಕೂತುಬಿಟ್ಟಿತು.

ಗೃಹಪ್ರವೇಶದ ದಿನ ಮಗ ಲತೀಶ ಸಂದೇಶನಿಗೆ ಕೈಜೋಡಿಸಲು ನಸುಕಿನಲ್ಲೇ ಕಲ್ಯಾಣಕ್ಕೆ ಹೋಗಿದ್ದ. ಮುಂಡಪ್ಪನ ಹೆಂಡತಿ ಉಮಾವತಿ ಅಡುಗೆಮನೆಯಲ್ಲಿದ್ದಳು, ಮಾನಸಿ ಸ್ನಾನಕ್ಕೆ ಹೋಗಿದ್ದಳು. ಬೇಸಿಗೆಯಲ್ಲಿ ಯಂತ್ರ ಕಾದು ನಿಲ್ಲುತ್ತದೆಂದು ಲತೀಶ ಅದರ ಪಕ್ಕದ ತಗಡನ್ನು ಸ್ಕ್ರೂ ಹಾಕದೆ ಸುಮ್ಮನೆ ಒರಗಿಸಿ ಇಟ್ಟಿದ್ದ. ಮುಂಡಪ್ಪ ಅದನ್ನು ಸರಿಸಿದ. ಎದುರಿನ ಪವರ್ ಬಟನ್ನಿನಿಂದ ಎರಡೆಳೆಯ ಸಣ್ಣ ವಯರೊಂದು ಒಳಗಿನ ಹಸಿರು ಹಲಗೆಗೆ ಹೋಗಿತ್ತು. ಅದರ ತುದಿಗೆ ಉಗುರಿಗಿಂತ ಚಿಕ್ಕದಾದ ಕಪ್ಪು ಪ್ಲಾಸ್ಟಿಕ್ ತಲೆ. ಅದನ್ನು ಕಿತ್ತಿಟ್ಟು, ಸಂಜೆ ಬಂದ ಮೇಲೆ ಮತ್ತೆ ಸಿಕ್ಕಿಸಿದರಾಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡ.

ಅದು ಸುಲಭಕ್ಕೆ ಬರಲಿಲ್ಲ. ಹೊರಳಿಸಿ ಎಳೆದ. ಟಕ್ಕೆಂದು ಪ್ಲಾಸ್ಟಿಕ್ ಸೀಳಿತು. ಒಂದು ಎಳೆ ಕಿತ್ತು ಬಂದು ಅವನ ಬೆರಳಿಗೆ ಅಂಟಿಕೊಂಡಿತು. ಹಲಗೆಯ ಮೇಲಿನ ಸೂಜಿಯಂಥ ಕಡ್ಡಿಗಳಲ್ಲಿ ಒಂದು ಬಗ್ಗಿಹೋಗಿತ್ತು. ಮುರುಕನ್ನು ಒಳಗೇ ತುರುಕಿ, ತಗಡು ಒರಗಿಸಿ, ಬಂದು ಪೇಪರು ಹಿಡಿದು ಕೂತ.

ಮಾನಸಿ ಬಂದು ಬಟನ್ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಪ್ಲಗ್ಗು ನೋಡಿದಳು, ಬೋರ್ಡಿನ ಸ್ವಿಚ್ಚು ಹಾಕಿ ತೆಗೆದಳು.

"ಅಯ್ಯೋ ದೇವ್ರೇ, ಇವತ್ತೇ ಆಗ್ಬೇಕಿತ್ತಾ?"

ಚಹಾ ತಂದ ಉಮಾವತಿ ಅಲ್ಲೇ ನಿಂತಳು. "ಎಂತ ಆಯ್ತು ಮಗಾ?"

"ಆನ್ ಆಗ್ತಾನೇ ಇಲ್ಲ ಅತ್ತೆ."

ಉಮಾವತಿಯ ಮುಖ ಬಿಳುಚಿತು. "ನಿನ್ನೆ ನಾನು ಅದರ ಹಿಂದೆಲ್ಲ ಬಟ್ಟೆ ಹಾಕಿ ಒರೆಸಿದೆನಲ್ಲ! ಧೂಳು ಜಾಸ್ತಿ ಉಂಟು ಅಂತ. ನನ್ನಿಂದಲೇ ಆದದ್ದು ಮಾರಾಯ್ತಿ, ಯಾವುದೋ ವಯರ್ ಎಳೆದುಬಿಟ್ಟೆನೋ ಏನೋ. ತಪ್ಪಾಯ್ತು. ಇನ್ನು ಅದರ ಹತ್ತಿರ ಕೈ ಕೊಂಡುಹೋಗುದಿಲ್ಲ." ಸೊಸೆಯ ಮುಂದೆ ಅವಳು ನಿಜಕ್ಕೂ ಕೈ ಮುಗಿದಳು.

ಈಗ ಹೇಳಬೇಕು ಎಂದು ಮುಂಡಪ್ಪನಿಗೆ ಅನ್ನಿಸಿತು. ಬಾಯಿಯನ್ನೂ ತೆರೆದ. ಆದರೆ ಚಹಾದ ಲೋಟ ತುಟಿಗೆ ಬಂದಿತ್ತು; ಒಂದು ಗುಟುಕು ಕುಡಿದ. ಆ ಗುಟುಕು ಗಂಟಲಿಳಿಯುವಷ್ಟರಲ್ಲಿ ಹೇಳುವ ಗಳಿಗೆ ದಾಟಿಹೋಗಿತ್ತು.

ಮಾನಸಿ ಲತೀಶನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಉಮಾವತಿ ನಡುವೆ ಬಾಯಿ ಹಾಕಿ, "ನನ್ನಿಂದ ಆಯ್ತು ಲತೀಶಾ" ಎಂದು ಅತ್ತೇಬಿಟ್ಟಳು.

"ಅಮ್ಮ, ನೀವು ಹೊರಗೆ ಒರೆಸಿದ್ರೆ ಒಳಗೆ ಎಂತ ಆಗುದಿಲ್ಲ, ಸುಮ್ಮನಿರಿ. ಮಾನು, ಮೊದಲು ಪ್ಲಗ್ ತೆಗಿ. ಆಮೇಲೆ ಸೈಡ್ ಓಪನ್ ಮಾಡಿ ಬಟನ್ನಿನ ವಯರ್ ನೋಡು. ಎರಡೆಳೆಯದ್ದು."

"ಮಾವ, ಸ್ವಲ್ಪ ಟಾರ್ಚ್ ಹಿಡೀತೀರಾ?"

ತಾನು ಮುರಿದದ್ದರ ಮೇಲೆ ತಾನೇ ಬೆಳಕು ಬಿಡುತ್ತ ಮುಂಡಪ್ಪ ಮೊಣಕಾಲೂರಿ ಕೂತ. ಮಾನಸಿ ಬಗ್ಗಿ ನೋಡಿದಳು. ಸೀಳಿದ ಕಪ್ಪು ತಲೆಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು.

"ಮುರಿದುಹೋಗಿದೆ ರೀ. ಒಂದು ಎಳೆ ಹೊರಗೆ ಬಂದಿದೆ. ಪಿನ್ ಕೂಡ ಬಗ್ಗಿದೆ."

"ಯಾರಾದ್ರೂ ಕೈ ಹಾಕಿ ಎಳೀದೆ ಅದು ಹಾಗೆ ಮುರಿಯುದಿಲ್ಲ," ಎಂದಿತು ಲತೀಶನ ದನಿ.

ಮೊಬೈಲಿನ ಬೆಳಕು ವಯರ್ ಬಿಟ್ಟು ಗೋಡೆಗೆ ಹೋಯಿತು. ಮಾನಸಿ ತಲೆ ಎತ್ತಲಿಲ್ಲ. ಮಾವನ ಕೈಯನ್ನು ತನ್ನ ಕೈಯಿಂದ ಒಂದಿಷ್ಟು ಈಚೆ ಸರಿಸಿ, "ಇಲ್ಲಿಗೆ ಹಿಡೀರಿ ಮಾವ" ಎಂದಳು, ಅಷ್ಟೇ.

ಹುಬ್ಬು ಕೀಳುವ ಚಿಮುಟ ತಂದು ಬಗ್ಗಿದ ಕಡ್ಡಿಯನ್ನು ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದಳು. ಸೀಳಿದ ತಲೆ ಮತ್ತೆ ಕೂರಲಿಲ್ಲ. ಆಗ ಲತೀಶನೇ ದಾರಿ ಹೇಳಿದ: ಪಕ್ಕದಲ್ಲಿ ರೀಸೆಟ್ ಬಟನ್ನಿನ ವಯರ್ ಇರುತ್ತದೆ, ಅದರ ತಲೆಯೂ ಅಷ್ಟೇ ಗಾತ್ರ, ಅದನ್ನು ತೆಗೆದು ಪವರಿನ ಜಾಗಕ್ಕೆ ಸಿಕ್ಕಿಸು, ಇವತ್ತಿಗೆ ರೀಸೆಟ್ ಬಟನ್ನೇ ಪವರ್ ಬಟನ್. ಮಾನಸಿ ಹಾಗೇ ಮಾಡಿದಳು. ಪ್ಲಗ್ಗು ಹಾಕಿ, ಕೆಳಗಿನ ಆ ಪುಟ್ಟ ಬಟನ್ ಒತ್ತಿದಳು. ಒಳಗೆ ಫ್ಯಾನು ತಿರುಗಿತು. ಪರದೆ ಬೆಳಗಿತು.

"ಅತ್ತೆ, ಸರಿಹೋಯ್ತು!" ಎಂದು ಕೂಗಿದಳು. "ಇದು ನಿಮ್ಮಿಂದ ಆಗಿದ್ದಲ್ಲ. ಅದನ್ನ ಮನಸ್ಸಿಂದ ತೆಗೆದುಹಾಕಿ."

ಯಾರಿಂದ ಆಯಿತೆಂದು ಮಾತ್ರ ಅವಳು ಹೇಳಲಿಲ್ಲ, ಮಾವನ ಕಡೆ ನೋಡಲೂ ಇಲ್ಲ. ಕುರ್ಚಿ ಎಳೆದುಕೊಂಡು ಕೆಲಸಕ್ಕೆ ಕೂತಳು. ಇವಳಿಗೆ ಗೊತ್ತಾಗಿದೆ ಎಂದು ಮುಂಡಪ್ಪನಿಗೆ ಆಗ ತಿಳಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮುಚ್ಚಿಟ್ಟವಳ ಮುಂದೆ ಎಲ್ಲಿ ಮುಖ ಇಡುವುದೆಂದು ತೋಚಲಿಲ್ಲ.

ಅಡುಗೆಮನೆಗೆ ಹೋದ. ಉಮಾವತಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಡೊಂಬಿವಲಿಯಲ್ಲಿ ಬೆಳೆದ ಮಾನಸಿಯ ತವರಿನವರು ಮೈಸೂರಿನ ಕಡೆಯವರು; ಅವಳಿಗೆ ತುಳು ಬಾರದೆಂದು ಮನೆಯ ಮಾತು ಕನ್ನಡವಾಗಿತ್ತು. ತುಳು ಉಳಿದದ್ದು ಗಂಡಹೆಂಡಿರ ನಡುವಿನ ಗುಟ್ಟಿಗೆ ಮಾತ್ರ. ಮುಂಡಪ್ಪ ದನಿ ತಗ್ಗಿಸಿ ತುಳುವಿನಲ್ಲೇ ಹೇಳಿದ: "ಅವು ಯಾನ್ ಮಲ್ತಿನ ಬೇಲೆ." ತಾನೇ ಮಾಡಿದ ಕೆಲಸವೆಂದು ಒಪ್ಪಿಕೊಂಡು, ಯಾಕೆ ಮಾಡಿದ್ದೆಂಬುದನ್ನೂ ಅದೇ ದನಿಯಲ್ಲಿ ತೊದಲಿದ.

ಉಮಾವತಿ ಅವನನ್ನೇ ನೋಡಿದಳು. ಆಮೇಲೆ ಹಾಲಿಗೆಲ್ಲ ಕೇಳುವಂತೆ, ಕನ್ನಡದಲ್ಲಿ ಉತ್ತರ ಕೊಟ್ಟಳು.

"ನೀವಾ ಕಿತ್ತದ್ದು? ಅವಳು ಕಲ್ಯಾಣಕ್ಕೆ ಬರ್ಲಿ ಅಂತ ನೀವು ಕಿತ್ತದ್ದಾ?"

"ಶ್ಶ್, ಮೆಲ್ಲ ಮಾತಾಡು."

"ಯಾಕೆ ಮೆಲ್ಲ? ನಾನು ಮಗುವಿನಂಥ ಹುಡುಗಿಯ ಎದುರು ಕೈ ಮುಗಿದು ನಿಂತಿದ್ದೆ. ಮಗನ ಹತ್ತಿರ ಅತ್ತೆ. ನೀವು ಅಲ್ಲೇ ಕೂತು ಚಾ ಕುಡೀತಿದ್ರಿ. ವಯರ್ ಹೋದ್ರೆ ಹೋಯ್ತು, ಬೇರೆ ಬರ್ತದೆ. ನನ್ನ ಬಾಯಲ್ಲಿ ನಿಮ್ಮ ತಪ್ಪು ಹೇಳಿಸಿದ್ರಲ್ಲ, ಅದಕ್ಕೆ ಎಂತ ಮಾಡ್ತೀರಿ?"

ಹಾಲಿನಲ್ಲಿ ಕೀಬೋರ್ಡಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

"ನೀವು ಹೋಗಿ ಕಲ್ಯಾಣಕ್ಕೆ. ನಾನು ಸಂಜೆ ಅವಳ ಜೊತೆ ಬರ್ತೇನೆ," ಎಂದಳು ಉಮಾವತಿ.

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನೊಬ್ಬನೇ ಹೊರಟ. ಥಾಣೆಯಲ್ಲಿ ಲೋಕಲ್ ರೈಲು ಬದಲಿಸಿದ. ಕಲ್ಯಾಣಕ್ಕೆ ಮುಟ್ಟುವಾಗ ಪೂಜೆ ಮುಗಿದು ಎಲೆ ಹಾಕಿದ್ದರು. ತಂಗಿ ನೋಡಿದವಳೇ, "ಒಬ್ಬನೇ ಬಂದದ್ದಾ ಅಣ್ಣಾ? ಸೊಸೆಗೆ ಇವತ್ತೂ ಕಂಪ್ಯೂಟರಾ?" ಎಂದಳು.

ಪಂಕ್ತಿಯ ನಾಲ್ಕು ಮುಖಗಳು ಆಗಲೇ ನಗಲು ತಯಾರಾಗಿದ್ದವು. ಹೌದೆಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು.

"ಅವಳದ್ದು ತಪ್ಪಿಲ್ಲ. ಅವಳ ಕಂಪ್ಯೂಟರಿನ ವಯರ್ ನಾನೇ ಕಿತ್ತು ಹಾಳು ಮಾಡಿದೆ. ಇಲ್ಲಿಗೆ ಬರ್ಲಿ ಅಂತ."

ಸಂದೇಶ ಗಹಗಹಿಸಿ ನಕ್ಕ. "ಮಾವನ ತಮಾಷೆ ಇನ್ನೂ ಹೋಗ್ಲಿಲ್ಲ!" ಉಳಿದವರೂ ನಕ್ಕರು. ಸಾರಿನ ಬಕೆಟ್ಟು ಹಿಡಿದು ಬಡಿಸುತ್ತಿದ್ದ ಲತೀಶ ಮಾತ್ರ ನಗಲಿಲ್ಲ. ಅಪ್ಪನ ಎಲೆಯ ಮುಂದೆ ಬಗ್ಗಿ ಸಾರು ಹಾಕಿ, "ಬೆಳಿಗ್ಗೆ ಅಮ್ಮ ಫೋನಲ್ಲಿ ಅಳ್ತಾ ಇದ್ರು" ಎಂದಷ್ಟೇ ಹೇಳಿ ಮುಂದಿನ ಎಲೆಗೆ ಹೋದ. ಮುಂಡಪ್ಪನಿಗೆ ಅನ್ನ ಕಲಸಲಾಗಲಿಲ್ಲ.

ಸಂಜೆ ಅತ್ತೆ ಸೊಸೆ ಜೊತೆಯಾಗಿ ಬಂದರು. ಆಲ್ಬಮ್ ಹೊತ್ತಿಗೆ ಸರಿಯಾಗಿ ಹೋಗಿತ್ತು. ಉಮಾವತಿ ಹೆಂಗಸರ ನಡುವೆ ಕೂತಳು, ಗಂಡನ ಕಡೆ ತಿರುಗಲಿಲ್ಲ. ವಾಪಸು ಬರುವಾಗ ಅವರಿಬ್ಬರು ಲೇಡೀಸ್ ಡಬ್ಬಿ ಹತ್ತಿದರು. ಥಾಣೆಯಲ್ಲಿಳಿದು ಘಣಸೋಲಿಯ ಗಾಡಿಗೆ ಕಾಯುವಾಗ ಮುಂಡಪ್ಪ ಮಾನಸಿಯ ಪಕ್ಕಕ್ಕೆ ಬಂದು ನಿಂತ. ಹಿರಿಯನಾಗಿ ಚಿಕ್ಕವರಿಗೆ ಎಂದೂ ಹೇಳಿರದ ಮಾತು ನಾಲಿಗೆಗೆ ಬರಲು ಬಹಳ ಹೊತ್ತು ಹಿಡಿಯಿತು.

"ತಪ್ಪಾಯ್ತು ಮಗಾ," ಎಂದ.

ಅದೇ ಹೊತ್ತಿಗೆ ಮೇಲಿನ ಸ್ಪೀಕರ್ ಗಾಡಿಯ ಹೆಸರು ಕೂಗಿತು. ಮಾನಸಿ ಕಿವಿಯ ಬಳಿ ಕೈ ಹಿಡಿದು ಬಾಗಿದಳು. "ಏನಂದ್ರಿ ಮಾವ? ಕೇಳಿಸ್ಲಿಲ್ಲ."

ಆಚೆ ಬೆಂಚಿನಲ್ಲಿದ್ದ ಉಮಾವತಿಯೂ ಈ ಕಡೆ ನೋಡಿದಳು. ಮುಂಡಪ್ಪ ಎರಡನೆಯ ಸಲ ಗಟ್ಟಿಯಾಗಿ ಹೇಳಿದ. ಪ್ಲಾಟ್‌ಫಾರ್ಮಿನ ಮೇಲಿದ್ದ ಇಬ್ಬರು ಮೂವರು ತಿರುಗಿ ನೋಡುವಷ್ಟು ಗಟ್ಟಿಯಾಗಿ.