ಬೆಂಕಿಯಕ್ಕನ ಕಡ್ಡಿಪೆಟ್ಟಿಗೆ

ಸರ್ಕಾರಗಳು ಬೀಳಲಿ, ಏಳಲಿ, ಆ ಕೆಸರಿನ ಪೊದೆಯೊಳಗೆ ದಿನಾ ಬೆಳಗ್ಗೆ ಇತ್ಯರ್ಥವಾಗಬೇಕಿದ್ದ ಘನಗಂಭೀರ ಪ್ರಶ್ನೆ ಒಂದೇ: ಕಡ್ಡಿಪೆಟ್ಟಿಗೆ ಯಾರ ಸೊಂಟದಲ್ಲಿದೆ?

ಬೆಂಕಿಯಕ್ಕನ ಸೊಂಟದಲ್ಲಿರಬೇಕು. ಕಂಪನಿಯ ಕೊಳವೆ ಕೊರೆದು ಕದ್ದ ಕಚ್ಚಾ ಎಣ್ಣೆಯನ್ನು ಡ್ರಮ್ಮುಗಳಲ್ಲಿ ಕಾಯಿಸಿ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ಲು ಇಳಿಸುವ ಭಟ್ಟಿ ಅದು. ಕೆಲಸಕ್ಕೆ ಬಂದವರು ಬೀಡಿ ಬೇಕಾದರೆ ತಮ್ಮಲ್ಲೇ ಇಟ್ಟುಕೊಳ್ಳಬಹುದು, ಬೆಂಕಿಯನ್ನು ಮಾತ್ರ ಅವಳಿಗೊಪ್ಪಿಸಬೇಕು. ಡ್ರಮ್ಮು ತುಂಬಿ, ಸಂದುಗಳಿಗೆ ಜೇಡಿಮಣ್ಣು ಮೆತ್ತಿ, ಎಲ್ಲರೂ ಗಾಳಿ ಬರುವ ದಿಕ್ಕಿಗೆ ಸರಿದ ಮೇಲೆ ಅವಳೊಬ್ಬಳೇ ಉದ್ದನೆಯ ಕೋಲಿಗೆ ಬಟ್ಟೆ ಸುತ್ತಿ ಒಲೆ ಹಚ್ಚುತ್ತಿದ್ದಳು.

ಲೈಟರು ಒಪ್ಪಿಸದೆ ಒಳಗೆ ಬರುವವನು ಧಣಿ ಒಬ್ಬನೇ. ಹೋದ ವರ್ಷ ಡ್ರಮ್ಮಿನ ಹತ್ತಿರ ನಿಂತು ಅವನು ಸಿಗರೇಟು ಹಚ್ಚಿದ್ದ. ಧಣಿಯ ಮೀಸೆ ಸುಟ್ಟಿತು. ಡ್ರಮ್ಮಿಗೆ ಮಣ್ಣು ಮೆತ್ತುತ್ತಿದ್ದ ಬೆಂಕಿಯಕ್ಕನ ಗಂಡ ಪೂರ್ತಿ ಸುಟ್ಟ. ಮೀಸೆ ಮತ್ತೆ ಬೆಳೆಯಿತು.

ಇವತ್ತು ಧಣಿಯ ಜೊತೆ ಬೂಟು ಹಾಕಿದ ಸಾಹೇಬರೊಬ್ಬರು ಬಂದಿದ್ದರು. ಕೊಳವೆ ಸೋರಿ ಹಾಳಾದ ನೆಲಕ್ಕೆ ಪರಿಹಾರ ಎಷ್ಟೆಂದು ಬೆಲೆ ಕಟ್ಟುವ ಅಧಿಕಾರಿ. ಸಾಲುಗಟ್ಟಿ ನಿಂತ ಡ್ರಮ್ಮುಗಳು ಅವರಿಗೆ ಕಾಣಿಸಲಿಲ್ಲ. ಅಂಥ ಒಳ್ಳೆಯ ಕಣ್ಣು ಅವರದು. ಅದನ್ನು ಧಣಿಯೇ ಚೆನ್ನಾಗಿ ನೋಡಿಕೊಳ್ಳುತ್ತಿದ್ದ.

ಪೊದೆಯ ಹಿಂದಿನ ಒರತೆ ಮಾತ್ರ ಕಾಣಿಸಿತು. ಹೊಳೆಯ ಮೇಲೆ ಎಣ್ಣೆ ತೇಲತೊಡಗಿದ ಮೇಲೆ ಗುಡಿಸಲುಗಳವರು ಕುಡಿಯುವುದೆಲ್ಲ ಅದರ ನೀರನ್ನೇ.

"ಮರಕ್ಕೆ ಬೆಲೆ ಇದೆ, ಗುಡಿಸಲಿಗೂ ಇದೆ. ಇದೇನಿದು, ಗುಂಡೀನಾ?"

"ಒರತೆ ಸ್ವಾಮಿ. ಬೇಸಿಗೇಲೂ ಬತ್ತಲ್ಲ," ಎಂದಳು ಬೆಂಕಿಯಕ್ಕ.

"ಯಾರು ತೋಡಿಸಿದ್ದು?"

"ಯಾರೂ ಇಲ್ಲ. ತಾನಾಗೇ ಹುಟ್ಟಿದ್ದು."

"ಖರ್ಚೇ ಆಗಿಲ್ಲ ಅಂದ್ಮೇಲೆ ಬೆಲೆ ಎಲ್ಲಿಂದ ಬರುತ್ತಮ್ಮಾ? ಸೊನ್ನೆ."

"ಇವರನ್ನ ಹುಟ್ಟಿಸೋಕೆ ಇವರಪ್ಪಂಗೆ ಎಷ್ಟು ಖರ್ಚಾಗಿತ್ತೋ," ಎಂದು ಸೌದೆ ಹೊರುವ ಮೋಟ ಹಿಂದಿನಿಂದ ಗೊಣಗಿದ.

ಧಣಿಗೆ ಸೊನ್ನೆ ಇಂಪಾಗಿ ಕೇಳಿಸಿತು. "ಸೊನ್ನೆನಾ? ಒಳ್ಳೇದೇ ಆಯ್ತು ಬಿಡಿ. ಡ್ರಮ್ಮಿನ ತಳದ ಡಾಂಬರು ಸುರಿಯೋಕೆ ಜಾಗ ಇಲ್ದೆ ಒದ್ದಾಡ್ತಿದ್ದೆ. ಲೇ, ಇವತ್ತಿಂದ ಎಲ್ಲಾ ಇದಕ್ಕೇ ಸುರೀರಿ!"

"ಕುಡಿಯೋ ನೀರಣ್ಣಾ ಅದು. ಸುರೀಬೇಡಿ."

"ಅಣ್ಣ ಯಾವನೇ ನಿಂಗೆ, ಬೋಳಿಮುಂಡೆ? ಕದ್ದ ಎಣ್ಣೆ ಕಾಯಿಸೋಳಿಗೆ ನೀರಿನ ಮಡಿ ಬೇರೆ ಕೇಡು! ಗಂಡನ್ನ ತಿಂದ್ಕೊಂಡಿದ್ದು ಸಾಲಲಿಲ್ವಾ, ನನ್ನ ಭಟ್ಟೀನೂ ತಿಂತೀಯಾ? ಹಚ್ಚೇ ಒಲೆ!"

ಸಾಹೇಬರು ಕರವಸ್ತ್ರದಿಂದ ಬೂಟು ಒರೆಸಿಕೊಳ್ಳುತ್ತಿದ್ದರು.

ಬೆಂಕಿಯಕ್ಕ ಸೊಂಟದಿಂದ ಕಡ್ಡಿಪೆಟ್ಟಿಗೆ ತೆಗೆದಳು. ರೂಢಿಯಂತೆ ಎಲ್ಲರೂ ಗಾಳಿ ಬರುವ ದಿಕ್ಕಿಗೆ ಸರಿದರು. ಅವಳು ಒಲೆ ದಾಟಿ ಹೋದಳು. ಆವಿಯ ಕೊಳವೆ ತಣಿಸುವ ತೊಟ್ಟಿಯಲ್ಲಿ ಹೊಳೆಯ ಕಪ್ಪು ನೀರು ನಿಂತಿತ್ತು. ಪೆಟ್ಟಿಗೆಯನ್ನು ಅದರೊಳಗೆ ಅದುಮಿ ಹಿಡಿದಳು. ಕಡ್ಡಿಗಳು ಒಂದೊಂದಾಗಿ ಬಿಡಿಸಿಕೊಂಡು ಮೇಲೆ ತೇಲಿದವು.

"ಲೇ ಮೋಟಾ, ನೀನು ಹಚ್ಚೋ!"

"ನಂಗೆ ಬರಲ್ಲ ಧಣಿ. ಮೀಸೆ ಬೇರೆ ಈಗ ತಾನೇ ಚಿಗುರ್ತಾ ಇದೆ."

"ಹಚ್ಚೋಕೆ ಒಬ್ಬ ಸೂಳೆಮಗನೂ ಇಲ್ವೇನ್ರೋ ಇಲ್ಲಿ?"

ಆ ಹೆಸರಿಗೆ ಯಾರೂ ಓಗೊಡಲಿಲ್ಲ.

ಬೆಂಕಿಯಕ್ಕ ಬಟ್ಟೆ ಸುತ್ತಿದ ಕೋಲನ್ನು ಧಣಿಯ ಮುಂದೆ ಚಾಚಿದಳು. "ನಿನ್ನ ಜೇಬಲ್ಲಿ ಲೈಟರಿದೆಯಲ್ಲ. ಒಂದಿನಾನೂ ನನ್ನ ಕೈಗೆ ಕೊಟ್ಟೋನಲ್ಲ. ಬಾ, ನೀನೇ ಹಚ್ಚು. ಅವತ್ತು ನಮ್ಮನೆಯವರು ನಿಂತಿದ್ದು ಇದೇ ಜಾಗ. ಇಲ್ಲೇ ನಿಂತ್ಕೋ."

ಸಾಹೇಬರು ಬೆಲೆ ಕಟ್ಟುವ ಕಸುಬಿನವರು. ಸ್ವಂತ ಜೀವದ ಬೆಲೆಯನ್ನು ಬೇಗನೆ ಕಟ್ಟಿಕೊಂಡು ಆಗಲೇ ಜೀಪು ಹತ್ತಿ ಕೂತಿದ್ದರು. ಧಣಿ ಜೇಬಿಗೆ ಕೈ ಹಾಕಿದ. ಮೆತ್ತಿದ ಮಣ್ಣು ಇನ್ನೂ ಹಸಿ. ಸಂದಿನಿಂದ ಎಣ್ಣೆಯ ಘಾಟು ಮೂಗಿಗೆ ಹೊಡೆಯುತ್ತಿತ್ತು. ಕೈ ಖಾಲಿಯಾಗಿಯೇ ಹೊರಬಂತು, ಮೀಸೆಯನ್ನೊಮ್ಮೆ ಮುಟ್ಟಿ ನೋಡಿಕೊಂಡಿತು.

"ನಾಳೆ ಬೇರೆಯವರನ್ನ ಕರ್ಕೊಂಡು ಬರ್ತೀನಿ ಕಣೇ. ಆಮೇಲಿದೆ ನಿಂಗೆ."

"ಕರ್ಕೊಂಡು ಬಾ. ಅವರಿಗೂ ಬಾಯಾರುತ್ತೆ."

ಅವತ್ತು ಒಲೆ ಹತ್ತಲಿಲ್ಲ.